ಕ್ರಿಸ್ಟಲ್ ಆಸಿಲೇಟರ್ ಓಡ್ತಿಲ್ವಾ? ಕ್ರಿಸ್ಟಲ್ ಕಿತ್ತು ಹಾಕೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಬೋರ್ಡಿಗೆ ಪವರ್ ಕೊಟ್ರೆ ಸಪ್ಲೈ ವೋಲ್ಟೇಜ್ ಸರಿಯಾಗಿ ಬರ್ತಿದೆ, ರೀಸೆಟ್ ಪಿನ್ನೂ ಸರಿ ಇದೆ, ಆದ್ರೂ ಚಿಪ್ ಉಸಿರೇ ಬಿಡ್ತಿಲ್ಲ ಅಂದಾಗ ಎಲ್ಲರ ಕೈ ಮೊದಲು ಹೋಗೋದು ಕ್ರಿಸ್ಟಲ್ ಕಡೆಗೆ, ಅಂದ್ರೆ ಚಿಪ್ಪಿಗೆ ತಾಳ ಕೊಡೋ ಕ್ಲಾಕ್ ಸಿಗ್ನಲ್ ಹುಟ್ಟಿಸೋಕೆ ಹಾಕಿರೋ ಸ್ಫಟಿಕದ ಕಡೆಗೆ. ಅದನ್ನ ಕಿತ್ತು ಹೊಸದು ಹಾಕ್ತಾರೆ, ಆಗಲೂ ಓಡಲಿಲ್ಲ ಅಂದ್ರೆ ಚಿಪ್ಪೇ ಹೋಗಿದೆ ಅಂತ ಅದನ್ನೂ ಕೀಳ್ತಾರೆ. ನಾನು ಹೇಳೋದು ಏನಪ್ಪಾ ಅಂದ್ರೆ, ಬೀಳಿಸದೇ ಇದ್ರೆ ಕ್ರಿಸ್ಟಲ್ ಅಷ್ಟು ಸುಲಭಕ್ಕೆ ಸಾಯೋ ವಸ್ತು ಅಲ್ಲ, ಅದರ ಸುತ್ತ ಇರೋ ಎರಡು ಪುಟ್ಟ ಕೆಪಾಸಿಟರ್, ಒಂದು ರೆಸಿಸ್ಟರ್, ಬೆಸುಗೆ, ಪ್ಯಾಡ್ ಮೇಲಿನ ಕೊಳೆ, ಚಿಪ್ಪಿನ ಒಳಗಿನ ಸೆಟ್ಟಿಂಗ್, ಇವನ್ನೆಲ್ಲ ನೋಡಿ ಮುಗಿದ ಮೇಲೆ ಅದರ ಸರದಿ ಬರಬೇಕು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈ ಸರ್ಕ್ಯೂಟನ್ನ ಅಳೆಯೋಕೆ ಹೋದ್ರೆ ಅಳತೆನೇ ಸರ್ಕ್ಯೂಟನ್ನ ಬದಲಾಯಿಸಿಬಿಡುತ್ತೆ, ಅದು ತಲೆಯಲ್ಲಿ ಇಲ್ಲದೇ ಪ್ರೋಬ್ ಇಟ್ರೆ ಚೆನ್ನಾಗಿರೋ ಬೋರ್ಡೂ ಕೆಟ್ಟಿರೋ ಹಾಗೆ ಕಾಣುತ್ತೆ, ಕೆಟ್ಟಿರೋದು ಚೆನ್ನಾಗಿರೋ ಹಾಗೂ ಕಾಣುತ್ತೆ.

ಸರ್ಕ್ಯೂಟ್ ಹೆಂಗೆ ಓಡುತ್ತೆ ಅಂತ ಒಂದು ಸಲ ನೆನಪು ಮಾಡ್ಕೊಳೋಣ, ಇಲ್ಲಾಂದ್ರೆ ಮುಂದೆ ಹೇಳೋದು ಬರೀ ಬಾಯಿಪಾಠ ಆಗುತ್ತೆ. ಮೈಕ್ರೋಕಂಟ್ರೋಲರ್‌ಗಳಲ್ಲಿ ಇರೋದು ಹೆಚ್ಚಾಗಿ ಪಿಯರ್ಸ್ ಆಸಿಲೇಟರ್. ಚಿಪ್ಪಿನ ಒಳಗೆ ಒಂದು ಇನ್ವರ್ಟರ್ (ಸಿಗ್ನಲ್ಲನ್ನ ಉಲ್ಟಾ ಮಾಡಿ ಕೊಡೋ ಗೇಟ್), ಅದರ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಮಧ್ಯ ಕ್ರಿಸ್ಟಲ್, ಎರಡೂ ಕಡೆಯಿಂದ ಗ್ರೌಂಡಿಗೆ ಒಂದೊಂದು ಕೆಪಾಸಿಟರ್. ಇನ್ವರ್ಟರ್‌ಗೆ ಅಡ್ಡಲಾಗಿ ಒಂದು ಫೀಡ್‌ಬ್ಯಾಕ್ ರೆಸಿಸ್ಟರ್ ಇರುತ್ತೆ, ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ಸುಮಾರು 1 ಮೆಗಾಓಮ್, 32.768 ಕಿಲೋಹರ್ಟ್ಸ್ ಕ್ರಿಸ್ಟಲ್‌ಗೆ 10 ಮೆಗಾಓಮ್ ಅಥವಾ ಇನ್ನೂ ಜಾಸ್ತಿ, ತುಂಬಾ ಚಿಪ್‌ಗಳಲ್ಲಿ ಇದು ಒಳಗೇ ಇರುತ್ತೆ. ಇದರ ಕೆಲಸ ಇನ್ವರ್ಟರನ್ನ ಸಪ್ಲೈಯ ಮಧ್ಯಭಾಗಕ್ಕೆ ತಂದು ನಿಲ್ಲಿಸೋದು, ಇದಕ್ಕೆ ಬಯಾಸ್ ಅಂತಾರೆ, ಅಲ್ಲಿ ನಿಂತಾಗ ಮಾತ್ರ ಅದು ಸ್ವಿಚ್ ಆಗಿರದೆ ಆಂಪ್ಲಿಫೈಯರ್ ಆಗಿರುತ್ತೆ. ಪವರ್ ಬಂದಾಗ ಹುಟ್ಟೋ ಸಣ್ಣ ನಾಯ್ಸ್‌ನಲ್ಲಿ ಕ್ರಿಸ್ಟಲ್ ತನ್ನ ಫ್ರೀಕ್ವೆನ್ಸಿನ ಮಾತ್ರ ಆರಿಸಿ ವಾಪಸ್ ಕೊಡುತ್ತೆ, ಅದು ಸುತ್ತಿ ಸುತ್ತಿ ದೊಡ್ಡದಾಗುತ್ತೆ. ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ಇದಕ್ಕೆ ಕೆಲವು ಮಿಲಿಸೆಕೆಂಡ್ ಸಾಕು, 32.768 ಕಿಲೋಹರ್ಟ್ಸ್‌ದು ಎದ್ದು ನಿಲ್ಲೋಕೆ ಒಂದು ಸೆಕೆಂಡ್ ತಗೊಂಡ್ರೂ ಗಾಬರಿ ಬೇಡ. ಅಂದ್ರೆ ಓಡದೇ ಇರೋಕೆ ಕಾರಣ ಎರಡೇ ಥರ, ಒಂದು ಇನ್ವರ್ಟರ್ ಮಧ್ಯದಲ್ಲಿ ನಿಂತಿಲ್ಲ, ಇನ್ನೊಂದು ಸುತ್ತು ಹೊಡೆಯೋವಾಗ ಸಿಗ್ನಲ್ ಬೆಳೆಯೋ ಬದಲು ಸೋರಿಹೋಗ್ತಿದೆ.

ಮುಟ್ಟದೆ ತಿಳ್ಕೊಳ್ಳೋದು ಮೊದಲು

ನಿಜವಾಗ್ಲೂ ಆಸಿಲೇಟರ್ ನಿಂತಿದ್ಯಾ, ಓಡ್ತಿದ್ರೂ ತಪ್ಪು ಫ್ರೀಕ್ವೆನ್ಸಿಲಿ ಓಡ್ತಿದ್ಯಾ, ಅಥವಾ ಒಮ್ಮೊಮ್ಮೆ ಮಾತ್ರ ಎದ್ದೇಳ್ತಿದ್ಯಾ, ಈ ಮೂರರಲ್ಲಿ ಯಾವುದು ಅನ್ನೋದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು, ಮತ್ತೆ ಇದಕ್ಕೆ ಪ್ರೋಬ್ ಬೇಕಾಗೋದೇ ಕಡಿಮೆ. ಒಂದು ಸೆಕೆಂಡಿಗೊಮ್ಮೆ ಮಿನುಗಬೇಕಾದ ಎಲ್‌ಇಡಿ ಎರಡು ಸೆಕೆಂಡಿಗೆ ಮಿನುಗ್ತಿದ್ರೆ ಪ್ರೋಗ್ರಾಮ್ 16 ಮೆಗಾಹರ್ಟ್ಸ್‌ಗೆ ಬರೆದಿದೆ, ಚಿಪ್ 8ರಲ್ಲಿ ಓಡ್ತಿದೆ ಅಂತ ಅರ್ಥ, ಬಹುಶಃ ಕ್ರಿಸ್ಟಲ್ ಬೇಡದ, ಚಿಪ್ಪಿನ ಒಳಗಿನ ಆರ್‌ಸಿ ಕ್ಲಾಕ್‌ನಲ್ಲಿ. ಎಟಿಮೆಗಾ328ಪಿ ಹೊಸ ಚಿಪ್ ಆದ್ರೆ ಕಾರ್ಖಾನೆಯಿಂದ ಬರುವಾಗಲೇ ಒಳಗಿನ 8 ಮೆಗಾಹರ್ಟ್ಸನ್ನ ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಸ್‌ಗೆ ಇಟ್ಟಿರ್ತಾರೆ, ಆಗ ಎಲ್ಲಾ 16 ಪಟ್ಟು ನಿಧಾನ. ಇಲ್ಲಿ ಕ್ರಿಸ್ಟಲ್‌ದು ಏನೂ ತಪ್ಪಿಲ್ಲ, ಅದನ್ನ ಯಾರೂ ಓಡು ಅಂತ ಕೇಳೇ ಇಲ್ಲ, ಯಾವ ಕ್ಲಾಕ್ ಬಳಸಬೇಕು ಅಂತ ಚಿಪ್ಪಿಗೆ ಹೇಳೋ ಫ್ಯೂಸ್ ಬಿಟ್ ಸರಿ ಮಾಡಿದ್ರೆ ಮುಗೀತು.

ಸೀರಿಯಲ್‌ನಲ್ಲಿ ಕಸ ಅಕ್ಷರ ಬರ್ತಿದ್ರೆ ಅದೂ ಒಳ್ಳೆ ಸುಳಿವು, ಯಾಕಂದ್ರೆ ಕಸ ಬರೋಕೂ ಕ್ಲಾಕ್ ಓಡ್ತಿರಬೇಕು. 8051 ಮೈಕ್ರೋಕಂಟ್ರೋಲರ್ ಬೋರ್ಡಲ್ಲಿ 11.0592 ಇರಬೇಕಾದ ಜಾಗಕ್ಕೆ ಯಾರೋ 12 ಮೆಗಾಹರ್ಟ್ಸ್ ಹಾಕಿದ್ರೆ 9600 ಬಾಡ್ (ಸೀರಿಯಲ್ ವೇಗ) ಅನ್ಕೊಂಡಿದ್ದು 10416 ಆಗುತ್ತೆ, ಎಂಟೂವರೆ ಪರ್ಸೆಂಟ್ ತಪ್ಪು, ಯಾವ ರಿಸೀವರೂ ಇಷ್ಟನ್ನ ಸಹಿಸಲ್ಲ. ಕ್ರಿಸ್ಟಲ್ ಮೇಲಿನ ನಂಬರ್ ಒಂದ್ಸಲ ಲೆನ್ಸ್ ಇಟ್ಟು ಓದಿ, ಅಷ್ಟೇ ಬೇಕಾಗಿರೋದು.

ಆಮೇಲೆ ಚಿಪ್ಪೇ ತನ್ನ ಕ್ಲಾಕನ್ನ ಹೊರಗೆ ತೋರಿಸೋ ಪಿನ್ ಇದ್ಯಾ ನೋಡಿ, ಇದು ಚಿನ್ನದಂಥ ಸೌಲಭ್ಯ, ಬಹಳ ಜನ ಬಳಸೋದೇ ಇಲ್ಲ. ಹಳೇ 8051 ಜಾತಿಯಲ್ಲಿ ಎಎಲ್‌ಇ ಪಿನ್ ಮೇಲೆ ಆಸಿಲೇಟರ್ ಫ್ರೀಕ್ವೆನ್ಸಿಯ ಆರನೇ ಒಂದು ಭಾಗ ಸಿಗುತ್ತೆ, 12 ಮೆಗಾಹರ್ಟ್ಸ್ ಹಾಕಿದ್ರೆ ಅಲ್ಲಿ 2 ಮೆಗಾಹರ್ಟ್ಸ್. ಎಟಿಮೆಗಾದಲ್ಲಿ ಕ್ಲಾಕ್ ಔಟ್ ಫ್ಯೂಸ್ ಇದೆ, ಎಸ್‌ಟಿಎಂ32ರಲ್ಲಿ ಎಂಸಿಒ ಅನ್ನೋ ಪಿನ್ ಇದೆ, ಹೊರಗಿನ ಕ್ರಿಸ್ಟಲ್ ಎದ್ದಿದೆ ಅಂತ ಹೇಳೋ ಎಚ್‌ಎಸ್‌ಇ ರೆಡಿ ಅನ್ನೋ ಫ್ಲ್ಯಾಗನ್ನ ಡಿಬಗರ್‌ನಲ್ಲೇ ಓದಬಹುದು. ಇವೆಲ್ಲ ಬಫರ್ ಆಗಿ ಬರೋ ಸಿಗ್ನಲ್, ಇಲ್ಲಿ ಪ್ರೋಬ್ ಇಟ್ರೆ ಆಸಿಲೇಟರ್‌ಗೆ ಏನೂ ತೊಂದ್ರೆ ಇಲ್ಲ, ಕೌಂಟರ್ ಇಟ್ಟು ಫ್ರೀಕ್ವೆನ್ಸಿ ಅಳೆಯೋದಿದ್ರೆ ಇಲ್ಲೇ ಅಳೀಬೇಕು. ಇಂಥ ಪಿನ್ ಇಲ್ಲದ ಬೋರ್ಡಾದ್ರೆ ಸ್ಕೋಪ್ (ಸಿಗ್ನಲ್ಲಿನ ಅಲೆ ತೋರಿಸೋ ಆಸಿಲೋಸ್ಕೋಪ್) ಪ್ರೋಬಿನ ತುದಿಗೂ ಗ್ರೌಂಡ್ ಕ್ಲಿಪ್ಪಿಗೂ ಸೇರಿಸಿ ತಂತಿಯ ಎರಡು ಮೂರು ಸುತ್ತಿನ ಪುಟ್ಟ ಲೂಪ್ ಮಾಡಿ ಕ್ರಿಸ್ಟಲ್ ಹತ್ತಿರ ಹಿಡೀರಿ, ತಾಗಿಸಬೇಡಿ, ಓಡ್ತಿದ್ರೆ ಸಣ್ಣ ಅಲೆ ಕಾಣುತ್ತೆ. ಶಾರ್ಟ್‌ವೇವ್ ರೇಡಿಯೋನ ಆ ಫ್ರೀಕ್ವೆನ್ಸಿಗೆ ತಿರುಗಿಸಿ ಬೋರ್ಡ್ ಪಕ್ಕ ಇಟ್ಟು ಪವರ್ ಆನ್ ಆಫ್ ಮಾಡಿದ್ರೂ ಕೇಳೋ ಶಬ್ದದಲ್ಲಿ ವ್ಯತ್ಯಾಸ ಗೊತ್ತಾಗುತ್ತೆ.

ಮೀಟರ್ ಮತ್ತು ಪ್ರೋಬ್

ಇಷ್ಟಾದ್ರೂ ಗೊತ್ತಾಗಲಿಲ್ಲ ಅಂದ್ರೆ ಮುಟ್ಟಲೇಬೇಕು. ಮೊದಲು ಮಲ್ಟಿಮೀಟರ್ ಡಿಸಿ ರೇಂಜಲ್ಲಿ ಇಟ್ಟು ಕ್ರಿಸ್ಟಲ್‌ನ ಎರಡೂ ಕಾಲುಗಳ ವೋಲ್ಟೇಜ್ ಗ್ರೌಂಡಿಗೆ ಹೋಲಿಸಿ ನೋಡಿ. ಎರಡೂ ಸಪ್ಲೈಯ ಅರ್ಧದ ಆಸುಪಾಸು ಇದ್ರೆ ಬಯಾಸ್ ಸರಿ ಇದೆ, ಲೋ ಪವರ್ ಮೋಡಿನ ಚಿಪ್‌ಗಳಲ್ಲಿ ಅರ್ಧಕ್ಕಿಂತ ಸಾಕಷ್ಟು ಕೆಳಗೂ ಇರಬಹುದು. ಅರ್ಧ ವೋಲ್ಟೇಜ್ ಬಂತು ಅಂದ ಮಾತ್ರಕ್ಕೆ ಓಡ್ತಿದೆ ಅಂತ ಖುಷಿ ಪಡಬೇಡಿ, ಓಡ್ತಿದ್ರೂ ನಿಂತಿದ್ರೂ ಮೀಟರ್ ಹೆಚ್ಚು ಕಡಿಮೆ ಅದನ್ನೇ ತೋರಿಸುತ್ತೆ. ಒಂದು ಕಾಲು ಸೊನ್ನೆಗೋ ಪೂರ್ತಿ ಸಪ್ಲೈಗೋ ಅಂಟ್ಕೊಂಡಿದ್ರೆ ಅದು ಗಟ್ಟಿ ಸುಳಿವು, ಆಸಿಲೇಟರ್ ಆನ್ ಆಗಿಲ್ಲ, ಚಿಪ್ ಸ್ಲೀಪ್‌ನಲ್ಲಿದೆ, ಕೆಪಾಸಿಟರ್ ಶಾರ್ಟ್, ಫೀಡ್‌ಬ್ಯಾಕ್ ರೆಸಿಸ್ಟರ್ ಇಲ್ಲ ಅಥವಾ ಬೆಸುಗೆ ಬಿಟ್ಟಿದೆ, ಪ್ಯಾಡಿನ ಮೇಲೆ ಸೋರಿಕೆ, ಇವುಗಳಲ್ಲಿ ಒಂದು. ಪವರ್ ತೆಗೆದು ಪ್ರತಿ ಕಾಲಿಂದ ಗ್ರೌಂಡಿಗೆ ರೆಸಿಸ್ಟೆನ್ಸ್ ನೋಡಿ, ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಥರ ದೊಡ್ಡ ಬೆಲೆ ಬರಬೇಕು, ಒಂದು ಕಡೆ ಮಾತ್ರ ಕೆಲವೇ ಕಿಲೋಓಮ್ ತೋರಿಸಿದ್ರೆ ಆ ಕಡೆಯ ಕೆಪಾಸಿಟರ್ ಎತ್ತಿ ಮತ್ತೆ ಅಳೀರಿ. ಕ್ರಿಸ್ಟಲ್ ಮಾತ್ರ ಮೀಟರ್‌ಗೆ ಯಾವಾಗ್ಲೂ ಓಪನ್ ಅಂತಲೇ ಕಾಣೋದು, ಅದಕ್ಕೆ ಹೋಗಿದೆ ಅಂತ ತೀರ್ಮಾನ ಮಾಡಬೇಡಿ, ಆದರೆ ಬೋರ್ಡಿಂದ ತೆಗೆದು ಅಳೆದಾಗಲೂ ಕಾಲಿಂದ ಕಾಲಿಗೆ ರೆಸಿಸ್ಟೆನ್ಸ್ ತೋರಿಸಿದ್ರೆ ಖಂಡಿತ ಹೋಗಿದೆ, ಬೋರ್ಡಲ್ಲಿ ಇರುವಾಗ ಫೀಡ್‌ಬ್ಯಾಕ್ ರೆಸಿಸ್ಟರೇ ಕಾಣಬಹುದು.

ಸ್ಕೋಪ್ ಪ್ರೋಬನ್ನ 1 ಎಕ್ಸ್‌ನಲ್ಲಿ (ಸಿಗ್ನಲ್ಲನ್ನ ಇಳಿಸದೆ ಹಾಗೇ ಕೊಡೋ ಸ್ಥಾನ) ಇಟ್ಟು ಕ್ರಿಸ್ಟಲ್ ಮುಟ್ಟೋ ಹಾಗೇ ಇಲ್ಲ. ಕೇಬಲ್ಲೂ ಸ್ಕೋಪಿನ ಇನ್‌ಪುಟ್ಟೂ ಸೇರಿ ಅದು 100 ಪಿಕೋಫ್ಯಾರಡ್ ಆಸುಪಾಸು ಹೊರೆ ಹಾಕುತ್ತೆ, 22 ಪಿಕೋಫ್ಯಾರಡ್ ಇರೋ ಜಾಗಕ್ಕೆ ಅಷ್ಟು ಹೇರಿದ್ರೆ ಯಾವ ಆಸಿಲೇಟರೂ ನಿಂತುಹೋಗಬಹುದು. ಸಿಗ್ನಲ್ಲನ್ನ ಹತ್ತನೇ ಒಂದಕ್ಕೆ ಇಳಿಸೋ 10 ಎಕ್ಸ್‌ನಲ್ಲೂ 10ರಿಂದ 15 ಪಿಕೋಫ್ಯಾರಡ್ ಇದ್ದೇ ಇರುತ್ತೆ, ಅಷ್ಟಕ್ಕೇ ಫ್ರೀಕ್ವೆನ್ಸಿ ಹತ್ತಾರು ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು ಅನ್ನೋ ಅಳತೆ) ಸರಿಯುತ್ತೆ. ಹಾಗಾಗಿ 10 ಎಕ್ಸ್, ಚಿಕ್ಕ ಗ್ರೌಂಡ್ ಸ್ಪ್ರಿಂಗ್, ಮತ್ತೆ ಯಾವಾಗ್ಲೂ ಔಟ್‌ಪುಟ್ ಕಡೆ, ಅಂದ್ರೆ ಎಕ್ಸ್‌ಟಾಲ್ 2 ಅಥವಾ ಓಎಸ್‌ಸಿ ಔಟ್ ಅಂತ ಬರೆದಿರೋ ಪಿನ್ನಿಗೆ ಇಡಿ. ಇನ್‌ಪುಟ್ ಪಿನ್ ತುಂಬಾ ಸೂಕ್ಷ್ಮ, ಅಲ್ಲಿ ಇಟ್ಟು ಅಲೆ ಕಾಣಲಿಲ್ಲ ಅಂದ್ರೆ ಅದರಿಂದ ಏನೂ ಸಾಬೀತಾಗಲ್ಲ. ಇನ್ನೂ ಹಗುರವಾಗಿ ನೋಡ್ಬೇಕು ಅಂದ್ರೆ ಪ್ರೋಬಿನ ತುದಿಗೆ 1 ಪಿಕೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಬೆಸೆದು ಅದರ ಮೂಲಕ ಮುಟ್ಟಿ, ಅಲೆ ಹತ್ತು ಹದಿನೈದರಲ್ಲಿ ಒಂದು ಪಾಲಷ್ಟೇ ಕಾಣುತ್ತೆ, ಆದ್ರೆ ಸರ್ಕ್ಯೂಟ್ ಮೇಲೆ ಬೀಳೋ ಹೊರೆ 1 ಪಿಕೋಫ್ಯಾರಡಿಗಿಂತ ಕಡಿಮೆ. 32.768 ಕಿಲೋಹರ್ಟ್ಸ್ ಸರ್ಕ್ಯೂಟಿಗೆ ಪ್ರೋಬಿನ 10 ಮೆಗಾಓಮ್ ಕೂಡ ಭಾರ, ಒಳಗಿನ ಫೀಡ್‌ಬ್ಯಾಕ್ ರೆಸಿಸ್ಟರೇ ಅಷ್ಟಿರುವಾಗ ಬಯಾಸ್ ಕೆಳಗೆ ಜಗ್ಗಿಬಿಡುತ್ತೆ, ಅದನ್ನ ಕ್ಲಾಕ್ ಔಟ್ ಪಿನ್ನಿಂದಲೇ ನೋಡೋದು ಕ್ಷೇಮ.

ಪ್ರೋಬ್ ಇಟ್ಟಾಗ ಮಾತ್ರ ಓಡಿ ತೆಗೆದ್ರೆ ನಿಂತ್ರೆ? ಇದನ್ನ ಕಾಟ ಅನ್ಕೋಬೇಡಿ, ಸರ್ಕ್ಯೂಟೇ ಬಾಯಿಬಿಟ್ಟು ಹೇಳ್ತಿದೆ. ಆ ಕಡೆ ಕೆಪಾಸಿಟರ್ ಇಲ್ಲ, ಅಥವಾ ಬೆಸುಗೆ ಬಿಟ್ಟಿದೆ, ಅಥವಾ ಬೆಲೆ ಕಡಿಮೆ ಇದೆ, ಪ್ರೋಬಿನ 12 ಪಿಕೋಫ್ಯಾರಡ್ ಆ ಖಾಲಿ ಜಾಗ ತುಂಬ್ತಿದೆ, ಇಲ್ಲಾಂದ್ರೆ ಬಯಾಸ್ ದಾರಿ ಇಲ್ಲದೆ ಪ್ರೋಬಿನ ರೆಸಿಸ್ಟೆನ್ಸ್ ಆ ಕೆಲಸ ಮಾಡ್ತಿದೆ. ಬೆರಳು ಮುಟ್ಟಿದ್ರೆ ಓಡೋದೂ ಇದೇ ಕಥೆ.

ಕೆಪಾಸಿಟರ್ ಲೆಕ್ಕ

ಕ್ರಿಸ್ಟಲ್‌ನ ಡೇಟಾಶೀಟಲ್ಲಿ ಲೋಡ್ ಕೆಪಾಸಿಟೆನ್ಸ್ ಅಂತ ಒಂದು ಬೆಲೆ ಕೊಟ್ಟಿರ್ತಾರೆ, 18, 12.5, 9 ಹೀಗೆ. ಇದನ್ನ ನೋಡಿ 18 ಅಂತ ಬರೆದಿದೆ ಅಂತ ಎರಡೂ ಕಡೆ 18 ಹಾಕೋರು ಬಹಳ ಜನ, ಅದು ತಪ್ಪು. ಕ್ರಿಸ್ಟಲ್ ಕಣ್ಣಿಗೆ ಎರಡು ಕೆಪಾಸಿಟರ್ ಸರಣಿಯಲ್ಲಿ ಕಾಣುತ್ತೆ, ಅಂದ್ರೆ ಎರಡೂ ಒಂದೇ ಬೆಲೆ ಆದ್ರೆ ಅದರ ಅರ್ಧ, ಅದಕ್ಕೆ ಪಿನ್ನು ಟ್ರ್ಯಾಕಿನಿಂದ ಬರೋ 2ರಿಂದ 5 ಪಿಕೋಫ್ಯಾರಡ್ ಕೂಡುತ್ತೆ. ಉಲ್ಟಾ ಲೆಕ್ಕ ಹಾಕಿದ್ರೆ 18ರಿಂದ 4 ಕಳೆದು ಎರಡರಿಂದ ಗುಣಿಸಿ, 28 ಬರುತ್ತೆ, 27 ಪಿಕೋಫ್ಯಾರಡ್ ಹಾಕಿ. 12.5 ಆದ್ರೆ 17, ಹತ್ತಿರದ ಬೆಲೆ 18. ಬೆಲೆ ಕಡಿಮೆ ಆದ್ರೆ ಫ್ರೀಕ್ವೆನ್ಸಿ ಸ್ವಲ್ಪ ಮೇಲೆ ಹೋಗುತ್ತೆ, ಜಾಸ್ತಿ ಆದ್ರೆ ಕೆಳಗೆ ಬರುತ್ತೆ, ತುಂಬಾ ಜಾಸ್ತಿ ಆದ್ರೆ ಇನ್ವರ್ಟರ್‌ಗೆ ಎಳೆಯೋಕಾಗದೆ ನಿಲ್ಲುತ್ತೆ.

ಇಲ್ಲಿ ಆಗೋ ದೊಡ್ಡ ಎಡವಟ್ಟು ಕೋಡ್ ಓದೋದ್ರಲ್ಲಿ. 220 ಅಂತ ಬರೆದಿದ್ರೆ ಅದು 22 ಪಿಕೋಫ್ಯಾರಡ್, 221 ಅಂದ್ರೆ 220 ಪಿಕೋಫ್ಯಾರಡ್, 223 ಅಂದ್ರೆ 22 ನ್ಯಾನೋಫ್ಯಾರಡ್. ಮೂರೂ ಒಂದೇ ಡಬ್ಬಿಲಿ ಬೆರೆತ್ರೆ ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಸರ್ಫೇಸ್ ಮೌಂಟ್ ಆದ್ರಂತೂ ಮೇಲೆ ಏನೂ ಬರೆದೇ ಇರಲ್ಲ. ಅನುಮಾನ ಇದ್ರೆ ಎತ್ತಿ ಎಲ್‌ಸಿಆರ್ ಮೀಟರಲ್ಲಿ ಅಳೀರಿ. ಹಾಕುವಾಗ ಸಿ0ಜಿ ಅಥವಾ ಎನ್‌ಪಿ0 ಜಾತಿಯದ್ದನ್ನೇ ಹಾಕಿ, ಬೇರೆ ಸೆರಾಮಿಕ್ ಹಾಕಿದ್ರೆ ಬಿಸಿಗೆ ಬೆಲೆ ಬದಲಾಗಿ ಫ್ರೀಕ್ವೆನ್ಸಿನೂ ಅದರ ಹಿಂದೆ ಓಡುತ್ತೆ.

ಬೆಸುಗೆ, ಕೊಳೆ, ತಿರುಗಿ ಕೂತ ಕ್ರಿಸ್ಟಲ್

ನಾಲ್ಕು ಪ್ಯಾಡಿನ ಚಿಕ್ಕ ಸರ್ಫೇಸ್ ಮೌಂಟ್ ಕ್ರಿಸ್ಟಲ್‌ಗಳಲ್ಲಿ ನಿಜವಾದ ಕ್ರಿಸ್ಟಲ್ ಇರೋದು ಸಾಮಾನ್ಯವಾಗಿ ಮೂಲೆಯಿಂದ ಮೂಲೆಗೆ, 1 ಮತ್ತು 3ರಲ್ಲಿ, ಉಳಿದ ಎರಡು ಮೇಲಿನ ಮುಚ್ಚಳಕ್ಕೆ ಸೇರಿರುತ್ತೆ. 180 ಡಿಗ್ರಿ ತಿರುಗಿಸಿ ಕೂರಿಸಿದ್ರೆ ತೊಂದ್ರೆ ಇಲ್ಲ, ಆದ್ರೆ 90 ಡಿಗ್ರಿ ತಿರುಗಿದ್ರೆ ಚಿಪ್ಪಿನ ಎರಡೂ ಪಿನ್ ಮುಚ್ಚಳದ ಮೂಲಕ ಒಂದಕ್ಕೊಂದು ಶಾರ್ಟ್. ನೋಡೋಕೆ ಬೆಸುಗೆ ಅಂದವಾಗೇ ಇರುತ್ತೆ, ಕಂಟಿನ್ಯುಟಿ ಬೀಪ್ ಮಾಡಿದಾಗ ಮಾತ್ರ ಗೊತ್ತಾಗೋದು, ಅದಕ್ಕೆ ಹೊಸದಾಗಿ ಜೋಡಿಸಿದ ಬೋರ್ಡಲ್ಲಿ ಇದನ್ನ ಮೊದಲೇ ನೋಡಿಬಿಡಿ. ಕಾಲಿರೋ ಹಳೇ ಲೋಹದ ಡಬ್ಬಿಯ ಕ್ರಿಸ್ಟಲ್ ಆದ್ರೆ ಬೋರ್ಡಿಗೆ ಒತ್ತಿ ಕೂರಿಸಬೇಡಿ, ಡಬ್ಬಿಯ ಅಂಚು ಪ್ಯಾಡಿಗೋ ಕೆಳಗಿನ ವಯಾಗೋ (ಬೋರ್ಡಿನ ಪದರಗಳನ್ನ ಸೇರಿಸೋ ತೂತು) ತಾಗಿ ಶಾರ್ಟ್ ಆಗುತ್ತೆ, ಒಂಚೂರು ಎತ್ತರದಲ್ಲಿ ನಿಲ್ಲಿಸಿ.

ಫ್ಲಕ್ಸ್ ಕೊಳೆ ಬಗ್ಗೆ ಅಸಡ್ಡೆ ಮಾಡೋರೇ ಜಾಸ್ತಿ. ಮೆಗಾಹರ್ಟ್ಸ್ ಸರ್ಕ್ಯೂಟ್ ಅದನ್ನ ಸಹಿಸಿಕೊಂಡು ಹೋಗಬಹುದು, 32.768 ಕಿಲೋಹರ್ಟ್ಸ್‌ಗೆ ಮಾತ್ರ ಅದು ನೇರ ಶತ್ರು. 10 ಮೆಗಾಓಮ್ ಬಯಾಸ್ ಇರೋ ಕಡೆ ಫ್ಲಕ್ಸ್ ಮೇಲೆ ತೇವ ಕೂತು ಕೆಲವು ಮೆಗಾಓಮ್ ಸೋರಿಕೆ ಆದ್ರೂ ಇನ್ವರ್ಟರ್ ಮಧ್ಯದಲ್ಲಿ ನಿಲ್ಲಲ್ಲ, ಅದಕ್ಕೇ ಒಣ ಹವೆಯಲ್ಲಿ ಸರಿಯಾಗಿ ಓಡಿದ ಗಡಿಯಾರ ತೇವದ ಹವೆಯಲ್ಲಿ ನಿಂತುಹೋಗೋದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಕರಗಿದ ಕೊಳೆ ಅಲ್ಲೇ ಹರಡಿ ಒಣಗದಂತೆ ಬಟ್ಟೆಯಲ್ಲಿ ಹೀರಿ ತೆಗೀರಿ, ಪೂರ್ತಿ ಒಣಗಿದ ಮೇಲೆ ಪವರ್ ಕೊಡಿ. ಅಲ್ಟ್ರಾಸಾನಿಕ್ ಕ್ಲೀನರ್‌ಗೆ ಮಾತ್ರ ಹಾಕಬೇಡಿ, ಆ ಯಂತ್ರ ನಡುಗೋ ಫ್ರೀಕ್ವೆನ್ಸಿ ಇದೇ 32.768 ಕಿಲೋಹರ್ಟ್ಸಿನ, ಒಳಗೆ ಕವೆ ಆಕಾರ ಇರೋ ಟ್ಯೂನಿಂಗ್ ಫೋರ್ಕ್ ಕ್ರಿಸ್ಟಲ್‌ನ ಫ್ರೀಕ್ವೆನ್ಸಿಗೆ ಹತ್ತಿರ ಇರೋದ್ರಿಂದ ಒಳಗಿನ ಫೋರ್ಕೇ ಮುರಿದುಹೋಗಬಹುದು.

ಒಮ್ಮೊಮ್ಮೆ ಮಾತ್ರ ಎದ್ದೇಳೋ ಬೋರ್ಡು

ಇದು ಎಲ್ಲಕ್ಕಿಂತ ತಲೆ ತಿನ್ನೋ ದೋಷ. ಹತ್ತು ಸಲ ಆನ್ ಮಾಡಿದ್ರೆ ಒಂಬತ್ತು ಸಲ ಸರಿ, ಒಂದು ಸಲ ಸುಮ್ನೆ ಕೂತಿರುತ್ತೆ, ಅಥವಾ ಚಳಿಯಲ್ಲಿ ಮಾತ್ರ ಏಳಲ್ಲ. ಇಂಥ ಕಡೆ ಕೇಳಬೇಕಾದ ಪ್ರಶ್ನೆ, ಇನ್ವರ್ಟರ್‌ಗೆ ಕ್ರಿಸ್ಟಲ್‌ನ ಒಳಗಿನ ನಷ್ಟವನ್ನ ಗೆಲ್ಲೋ ಶಕ್ತಿ ಎಷ್ಟು ಮಿಕ್ಕಿದೆ ಅನ್ನೋದು. ಆ ನಷ್ಟಕ್ಕೆ ಇಎಸ್‌ಆರ್ ಅಂತಾರೆ, ಡೇಟಾಶೀಟಲ್ಲಿ ಗರಿಷ್ಠ 60 ಓಮ್, 80 ಓಮ್ ಅಂತೆಲ್ಲ ಇರುತ್ತೆ, ಟ್ಯೂನಿಂಗ್ ಫೋರ್ಕ್ ಆದ್ರೆ ಹತ್ತಾರು ಕಿಲೋಓಮ್. ಪರೀಕ್ಷೆ ಸರಳ, ಕ್ರಿಸ್ಟಲ್‌ನ ಒಂದು ಕಾಲು ಎತ್ತಿ ಅದರ ಜೊತೆ ಸರಣಿಯಲ್ಲಿ ಒಂದು ಚಿಕ್ಕ ಸರ್ಫೇಸ್ ಮೌಂಟ್ ರೆಸಿಸ್ಟರ್ ಹಾಕಿ, 100 ಓಮ್‌ನಿಂದ ಶುರು ಮಾಡಿ 220, 330, 470 ಹೀಗೆ ಏರಿಸ್ತಾ ಹೋಗಿ, ಪ್ರತಿ ಸಲ ಪವರ್ ಪೂರ್ತಿ ತೆಗೆದು ಮತ್ತೆ ಕೊಟ್ಟು ಏಳುತ್ತಾ ನೋಡಿ. ಏಳೋಕೆ ಸಾಧ್ಯ ಆದ ದೊಡ್ಡ ಬೆಲೆಗೆ ಇಎಸ್‌ಆರ್ ಕೂಡಿಸಿದ್ರೆ ಇಎಸ್‌ಆರ್‌ನ ಐದು ಪಟ್ಟಾದ್ರೂ ಬರಬೇಕು. ಎರಡು ಪಟ್ಟಿಗೇ ನಿಂತುಹೋದ್ರೆ ಆ ಬೋರ್ಡ್ ಇವತ್ತು ಓಡಿದ್ರೂ ನಂಬೋ ಹಾಗಿಲ್ಲ. ಪ್ರಿಸೆಟ್ ಪಾಟ್ (ತಿರುಗಿಸಿ ಬೆಲೆ ಬದಲಿಸೋ ರೆಸಿಸ್ಟರ್) ಬಳಸಬೇಡಿ, ಅದರದ್ದೇ ಕೆಪಾಸಿಟೆನ್ಸ್ ಸೇರಿ ಲೆಕ್ಕ ಕೆಡುತ್ತೆ.

ಹೀಗೆ ಮಿಕ್ಕಿರೋ ಶಕ್ತಿ ಕಡಿಮೆ ಬಂದ್ರೆ ಪರಿಹಾರ ಹಲವು. ಕಡಿಮೆ ಲೋಡ್ ಕೆಪಾಸಿಟೆನ್ಸಿನ ಕ್ರಿಸ್ಟಲ್ ತಂದು ಅದಕ್ಕೆ ತಕ್ಕ ಚಿಕ್ಕ ಕೆಪಾಸಿಟರ್ ಹಾಕೋದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು, ಯಾಕಂದ್ರೆ ಬೇಕಾಗೋ ಶಕ್ತಿ ಕೆಪಾಸಿಟೆನ್ಸಿನ ವರ್ಗದ (ಸ್ಕ್ವೇರ್) ಪ್ರಕಾರ ಇಳಿಯುತ್ತೆ. ಕಡಿಮೆ ಇಎಸ್‌ಆರ್ ಇರೋದು ಹುಡುಕಬಹುದು, ಚಿಪ್ಪಲ್ಲಿ ಡ್ರೈವ್ (ಕ್ರಿಸ್ಟಲ್ಲಿಗೆ ಕೊಡೋ ಶಕ್ತಿ) ಜಾಸ್ತಿ ಮಾಡೋ ಸೆಟ್ಟಿಂಗ್ ಇದ್ರೆ ಅದನ್ನ ಏರಿಸಬಹುದು, ಔಟ್‌ಪುಟ್ ಕಡೆ ಸರಣಿ ರೆಸಿಸ್ಟರ್ ಇದ್ರೆ ಅದನ್ನ ಇಳಿಸಬಹುದು. ಆದ್ರೆ ಆ ರೆಸಿಸ್ಟರ್ ಅಲ್ಲಿರೋದು ಕ್ರಿಸ್ಟಲ್‌ನ ಕಾಪಾಡೋಕೆ ಅನ್ನೋದು ಮರೀಬೇಡಿ. ಟ್ಯೂನಿಂಗ್ ಫೋರ್ಕ್ ಕ್ರಿಸ್ಟಲ್‌ಗೆ 1 ಮೈಕ್ರೋವಾಟ್‌ಗಿಂತ ಜಾಸ್ತಿ ಕೊಡೋ ಹಾಗಿಲ್ಲ, ಮೆಗಾಹರ್ಟ್ಸ್‌ದಕ್ಕೆ ಸಾಮಾನ್ಯವಾಗಿ 100 ಮೈಕ್ರೋವಾಟ್ ಮಿತಿ, ಮೀರಿದ್ರೆ ಫ್ರೀಕ್ವೆನ್ಸಿ ಜಾರುತ್ತೆ, ಕೊನೆಗೆ ಕ್ರಿಸ್ಟಲ್ ಬಿರುಕು ಬಿಡುತ್ತೆ.

ಇನ್ನೊಂದು ವಿಚಿತ್ರ ಇದೆ, ಕ್ರಿಸ್ಟಲ್ ಒಮ್ಮೆ ಎದ್ರೆ ಗಂಟೆಗಟ್ಟಲೆ ಸರಿಯಾಗಿ ಓಡುತ್ತೆ ಆದ್ರೆ ಏಳೋಕೆ ಮಾತ್ರ ಒಂದು ಪೆಟ್ಟು ಬೇಕು, ಸ್ಕ್ರೂಡ್ರೈವರ್ ತುದಿ ತಾಗಿಸಿದ್ರೆ ಓಡಿಬಿಡುತ್ತೆ. ಒಳಗಿನ ಸಣ್ಣ ಕೊಳೆ ಅಥವಾ ಗೀರಿನಿಂದ ಕಡಿಮೆ ಡ್ರೈವಲ್ಲಿ ಅದರ ಇಎಸ್‌ಆರ್ ಹಲವು ಪಟ್ಟು ಏರಿರುತ್ತೆ, ಅದಕ್ಕೆ ಹಿಂಗೆ. ಈ ಕ್ರಿಸ್ಟಲ್ ನಿಜವಾಗ್ಲೂ ಕೆಟ್ಟಿದೆ, ಬದಲಾಯಿಸಿ. ಕೆಳಗೆ ಬಿದ್ದದ್ದು, ಹೆಚ್ಚು ಹೊತ್ತು ಬೆಸುಗೆ ಬಿಸಿ ತಿಂದದ್ದು, ಇವನ್ನೂ ಹಾಗೇ ಅನುಮಾನಿಸಿ.

ಬೋರ್ಡ್ 48 ಮೆಗಾಹರ್ಟ್ಸ್ ಅಂತ ಬರೆದ ಕ್ರಿಸ್ಟಲ್ ಇಟ್ಕೊಂಡು 16ರಲ್ಲಿ ಓಡ್ತಿದ್ರೆ ಅದು ಮೂರನೇ ಓವರ್‌ಟೋನ್ ಕ್ರಿಸ್ಟಲ್, ಅಂದ್ರೆ ಮೂಲ ಫ್ರೀಕ್ವೆನ್ಸಿಯ ಮೂರು ಪಟ್ಟಲ್ಲಿ ಓಡಿಸೋಕೆ ಮಾಡಿದ್ದು, ಬರೀ ಪಿಯರ್ಸ್ ಸರ್ಕ್ಯೂಟಲ್ಲಿ ಅದು ಮೂಲ ಫ್ರೀಕ್ವೆನ್ಸಿಗೇ ಹೋಗಿ ಕೂರುತ್ತೆ. ಮೂಲ ಫ್ರೀಕ್ವೆನ್ಸಿಯನ್ನ ತಡೆಯೋ ಇಂಡಕ್ಟರ್ ಕೆಪಾಸಿಟರ್ ಜೋಡಿ ಹಾಕಬೇಕು, ಅಥವಾ ಫಂಡಮೆಂಟಲ್ ಅಂತ ಕೇಳಿ ಬೇರೆ ಕ್ರಿಸ್ಟಲ್ ತರಬೇಕು. ಹೊರಗೆ ಲಾಜಿಕ್ ಗೇಟ್ ಬಳಸಿ ಮಾಡಿದ ಆಸಿಲೇಟರ್ ಆದ್ರೆ ಗೇಟಿನ ನಂಬರ್ ನೋಡಿ, 74ಎಚ್‌ಸಿಯು04 ಅನ್ನೋ ಬಫರ್ ಇಲ್ಲದ ಜಾತಿನೇ ಬೇಕು, 74ಎಚ್‌ಸಿ04 ಹಾಕಿದ್ರೆ ಗೇನ್ ಅತಿಯಾಗಿ ಬೇಡದ ಫ್ರೀಕ್ವೆನ್ಸಿಲಿ ಕೂಗೋದುಂಟು, 74ಎಚ್‌ಸಿ14 ಶ್ಮಿಟ್ ಟ್ರಿಗರ್ ಈ ಕೆಲಸಕ್ಕೆ ಬರಲ್ಲ. ನಾಲ್ಕು ಕಾಲಿನ ರೆಡಿಮೇಡ್ ಆಸಿಲೇಟರ್ ಡಬ್ಬಿ ಆದ್ರೆ ಎನೇಬಲ್ ಪಿನ್ ಕೆಳಗೆ ಎಳೆದಿದ್ಯಾ ನೋಡಿ, ಸಪ್ಲೈ ಸರಿ ಇದ್ದು ಎನೇಬಲ್ ಮೇಲೆ ಇದ್ದೂ ಔಟ್‌ಪುಟ್ ಇಲ್ಲ ಅಂದ್ರೆ ಅದನ್ನ ಬದಲಾಯಿಸೋದೇ, ಒಳಗೆ ರಿಪೇರಿ ಮಾಡೋಕೆ ಏನೂ ಇಲ್ಲ.

ಎಲ್ಲಾ ಮಾಡಿ ಚಿಪ್ಪಿನ ಮೇಲೇ ಅನುಮಾನ ಉಳಿದ್ರೆ ಕ್ರಿಸ್ಟಲ್ ತೆಗೆದು ಇನ್‌ಪುಟ್ ಪಿನ್ನಿಗೆ ಸಿಗ್ನಲ್ ಜನರೇಟರ್‌ನಿಂದ, ಅಥವಾ ಓಡ್ತಿರೋ ಇನ್ನೊಂದು ಬೋರ್ಡಿಂದ ಕ್ಲಾಕ್ ಕೊಡಿ, ಸಪ್ಲೈ ಮಟ್ಟ ಮೀರದ ಹಾಗೆ ನೋಡ್ಕೊಳ್ಳಿ. ಚಿಪ್ ಮಾತಾಡಿದ್ರೆ ಅದು ಬದುಕಿದೆ, ತೊಂದ್ರೆ ಆಸಿಲೇಟರ್ ಭಾಗದಲ್ಲಿ ಮಾತ್ರ. ಫ್ಯೂಸ್ ತಪ್ಪಿ ಬಾಹ್ಯ ಕ್ಲಾಕ್‌ಗೆ ಹೋಗಿ ಸತ್ತಂಗಿರೋ ಎಟಿಮೆಗಾನ ಬದುಕಿಸೋದೂ ಇದೇ ದಾರಿಯಲ್ಲಿ, ಕ್ಲಾಕ್ ಕೊಟ್ಟಿರುವಾಗಲೇ ಪ್ರೋಗ್ರಾಮರ್ ಹಾಕಿ ಫ್ಯೂಸ್ ತಿದ್ದಬೇಕು.

ರಿಪೇರಿ ಆದ ಮೇಲೆ ಒಂದು ಸಲ ಓಡ್ತು ಅಂತ ಮುಚ್ಚಬೇಡಿ. ಪವರ್ ಪೂರ್ತಿ ಇಳಿಯೋಕೆ ಬಿಟ್ಟು ಹತ್ತಾರು ಸಲ ಆನ್ ಮಾಡಿ, ಸಪ್ಲೈನ ಚಿಪ್ ಅನುಮತಿಸೋ ಕನಿಷ್ಠಕ್ಕೆ ಇಳಿಸಿ ನೋಡಿ, ಫ್ರೀಜ್ ಸ್ಪ್ರೇ ಹೊಡೆದು ನೋಡಿ, ಹಾಟ್ ಏರ್‌ನಲ್ಲಿ ಹದವಾಗಿ ಬಿಸಿ ಮಾಡಿ ನೋಡಿ. ಗಡಿಯಾರದ ಸರ್ಕ್ಯೂಟ್ ಆದ್ರೆ ಕೆಲವು ದಿನ ಓಡೋಕೆ ಬಿಟ್ಟು ಸರಿಯಾದ ಸಮಯಕ್ಕೆ ಹೋಲಿಸಿ, 20 ಪಿಪಿಎಂ ಅಂದ್ರೆ ದಿನಕ್ಕೆ ಸುಮಾರು 1.7 ಸೆಕೆಂಡ್. ಟ್ಯೂನಿಂಗ್ ಫೋರ್ಕ್ ಕ್ರಿಸ್ಟಲ್ 25 ಡಿಗ್ರಿಯಿಂದ ಯಾವ ಕಡೆ ಸರಿದ್ರೂ ನಿಧಾನವೇ ಆಗೋದು, 45 ಡಿಗ್ರಿಯಲ್ಲಿ ಹದಿಮೂರು ಹದಿನಾಲ್ಕು ಪಿಪಿಎಂ ಹಿಂದೆ ಬೀಳುತ್ತೆ, ಹಾಗಾಗಿ ಬಿಸಿ ಡಬ್ಬಿಯೊಳಗೆ ದಿನಕ್ಕೆ ಒಂದು ಸೆಕೆಂಡ್ ಚಿಲ್ಲರೆ ಹಿಂದೆ ಬಿದ್ರೆ ಕೆಪಾಸಿಟರ್ ಬದಲಾಯಿಸೋಕೆ ಹೋಗಬೇಡಿ, ಮಾಮೂಲಿ ತಾಪಮಾನದಲ್ಲಿ ಅಳೆದು ಅಲ್ಲೂ ತಪ್ಪು ಬಂದ್ರೆ ಮಾತ್ರ ಕೈ ಹಾಕಿ.